ಮಾಂಜ್ರಾದಿಂದ ಕಾಗಿಣಾವರೆಗೆ: ಗಡಿನಾಡ ಪದಕಾರರ ದೀರ್ಘ ಬಾಳು

ಇಂದಿನ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ, ವಿಕಾರಾಬಾದ್ ಜಿಲ್ಲೆಯ ತಾಂಡೂರು, ಈ ಮೂರೂ 1956ರ ಅಕ್ಟೋಬರ್ ಕೊನೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಮತ್ತು ಗುಲ್ಬರ್ಗಾ ಜಿಲ್ಲೆಗಳಿಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣಾ ಕಾಯಿದೆ ಅದೇ ವರ್ಷ ನವೆಂಬರ್ 1ರಂದು ಜಾರಿಗೆ ಬಂದಾಗ, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಮತ್ತು ನಾರಾಯಣಖೇಡ ತಾಲೂಕು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳದೂ ಅದೇ ದಾರಿಯಾಯಿತು. ಆದರೆ ನದಿಗಳ ದಾರಿ ಬದಲಾಗಲಿಲ್ಲ. ಬೀದರದ ನೆಲವನ್ನು ಬಳಸಿಕೊಂಡು ಬರುವ ಮಾಂಜ್ರಾ ನದಿ ನಾರಾಯಣಖೇಡದ ಕಡೆಗೆ ಹರಿದು ಹೋಗುತ್ತದೆ. ತಾಂಡೂರಿನ ಬಳಿ ಹರಿಯುವ ಕಾಗಿಣಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನಕ್ಕೂ ಇಂದು ತೆಲುಗು ಫಲಕ ಹೊತ್ತ ತಾಂಡೂರಿನ ಪೇಟೆಗೂ ಒಂದೇ ಹೊಳೆಯ ನೀರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಈ ಸೀಮೆಯ ಹಾಡಿನ ಇತಿಹಾಸವನ್ನು ಒಂದು ರಾಜ್ಯದ ಚೌಕಟ್ಟಿನೊಳಗೆ ಬರೆಯಲಾಗದು ಎಂಬ ಮಾತಿಗೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ.

ಈ ಸೀಮೆಯಲ್ಲಿ ಹಾಡು ಕಟ್ಟುವವನನ್ನು ‘ಪದಕಾರ’ ಎಂದೂ ಅವನು ಕಟ್ಟಿದ್ದನ್ನು ‘ಪದ’ ಎಂದೂ ಕರೆಯುತ್ತಾರೆ. ದೇಹ, ಜೀವ, ಗುರು, ಸಂಸಾರ, ಸಾವು ಮುಂತಾದ ವಿಷಯಗಳನ್ನು ಹೊಲ, ಬಂಡಿ, ಬೀಸುಕಲ್ಲು, ಮನೆ, ಸಂತೆಗಳ ರೂಪಕದಲ್ಲಿ ವಿಚಾರ ಮಾಡುವ ಪದಕ್ಕೆ ‘ತತ್ವಪದ’ ಎಂಬ ಹೆಸರು ನಿಂತಿದೆ. ಕನ್ನಡ ಸಾಹಿತ್ಯ ಚರಿತ್ರೆ ಬಹುಕಾಲ ಆಸ್ಥಾನಕವಿಗಳನ್ನೂ ವಚನಕಾರರನ್ನೂ ಹರಿದಾಸರನ್ನೂ ಕ್ರಮವಾಗಿ ವಿವರಿಸಿ, 18 ಮತ್ತು 19ನೆಯ ಶತಮಾನಗಳಿಗೆ ಬಂದಾಗ ಹೇಳಿಕೊಳ್ಳುವಂಥ ಸೃಷ್ಟಿ ಇಲ್ಲವೆಂದು ಮುಂದೆ ಸಾಗಿಬಿಡುತ್ತಿತ್ತು. ಆ ಎರಡು ಶತಮಾನಗಳಲ್ಲಿಯೇ ಕಲ್ಯಾಣ ಕರ್ನಾಟಕದ ಊರೂರುಗಳಲ್ಲಿ ಸಾವಿರಾರು ತತ್ವಪದಗಳು ಹುಟ್ಟಿದವೆಂಬುದು ಈಗ ವಿವಾದದ ಮಾತಲ್ಲ. ಅಷ್ಟು ಪದಗಳನ್ನು ಕಟ್ಟಿದವರು ಒಂದು ಆವೇಶದಲ್ಲಿ ಹತ್ತು ಪದ ಹಾಡಿ ಸುಮ್ಮನಾದವರಲ್ಲ. ಯೌವನದಿಂದ ಮುಪ್ಪಿನವರೆಗೆ ನಲವತ್ತು ಐವತ್ತು ವರ್ಷ ಹಾಡುತ್ತ, ಕಟ್ಟುತ್ತ ಬಾಳಿದವರು. ರಾಜಾಶ್ರಯವಿಲ್ಲದೆ, ಅಚ್ಚಿನ ಮನೆಯಿಲ್ಲದೆ, ಅನೇಕರಿಗೆ ಅಕ್ಷರವೂ ಇಲ್ಲದೆ ಈ ದೀರ್ಘ ಸೃಷ್ಟಿಶೀಲ ಬಾಳು ಹೇಗೆ ಸಾಧ್ಯವಾಯಿತೆಂಬುದು ಸಾಹಿತ್ಯ ಚರಿತ್ರೆ ಕೇಳಲೇಬೇಕಾದ ಪ್ರಶ್ನೆ. ಪ್ರತಿಭೆಯೊಂದೇ ಇದಕ್ಕೆ ಉತ್ತರವಾಗಲಾರದು. ಪ್ರತಿಭೆಯನ್ನು ಬತ್ತಗೊಡದೆ ಕಾಯ್ದ ಒಂದು ಏರ್ಪಾಡು ಇಲ್ಲಿತ್ತು, ಮತ್ತು ಆ ಏರ್ಪಾಡಿನ ನಡುಗಂಬವೆಂದರೆ ಗೊತ್ತಾದ ದಿನ ಗೊತ್ತಾದ ಜಾಗದಲ್ಲಿ ಕೂಡುತ್ತಿದ್ದ ಭಜನೆಯ ಮೇಳ.

ಈ ಪರಂಪರೆಯ ಹಿರಿಯ ಹೆಸರು ಕಡಕೋಳ ಮಡಿವಾಳಪ್ಪನವರದು. ಈಗಿನ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಬಿದನೂರಿನಲ್ಲಿ 18ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಕಡಕೋಳದಲ್ಲಿ ನೆಲೆ ನಿಂತು, 19ನೆಯ ಶತಮಾನದ ನಡುವಿನವರೆಗೆ ಬಾಳಿದ ಅವರು ಮಠದ ಆಚಾರವನ್ನೂ ಜಾತಿಯ ಅಹಂಕಾರವನ್ನೂ ನೇರ ಮಾತಿನಲ್ಲಿ ಪ್ರಶ್ನಿಸಿದವರು. ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ಕಡ್ಲೇವಾಡ ಸಿದ್ಧಪ್ಪ, ರಾಂಪುರ ಬಕ್ಕಪ್ಪ, ತೆಲಗಬಾಳ ರೇವಪ್ಪ ಮುಂತಾದ ಶಿಷ್ಯರು ಅವರ ಸುತ್ತ ನೆರೆದರು. ಅವರಲ್ಲಿ ಬ್ರಾಹ್ಮಣನೂ ಮುಸಲ್ಮಾನನೂ ಲಿಂಗಾಯತನೂ ಇದ್ದರು, ಮತ್ತು ಎಲ್ಲರೂ ತಾವೇ ಪದಕಾರರಾದರು. ಗುರು ಶಿಷ್ಯನಿಗೆ ರಹಸ್ಯವಾಗಿ ನೀಡುವ ಉಪದೇಶಕ್ಕೆ ಈ ವಲಯದಲ್ಲಿ ‘ಗುರುಬೋಧೆ’ ಎನ್ನುತ್ತಾರೆ. ಬೋಧೆ ಪಡೆದವನು ಕಟ್ಟುವ ಪದದ ಕೊನೆಯ ನುಡಿಯಲ್ಲಿ ಗುರುವಿನ ಅಥವಾ ಆರಾಧ್ಯದ ಹೆಸರು ಬರುತ್ತದೆ; ಅದು ‘ಅಂಕಿತ’. ಶಿಶುನಾಳ ಶರೀಫರು ಊರ ದೇವರಾದ ಶಿಶುನಾಳಾಧೀಶನನ್ನೂ ಗುರು ಗೋವಿಂದನನ್ನೂ ಪದದ ಕೊನೆಗೆ ತಂದಂತೆ, ಮಡಿವಾಳಪ್ಪನವರು ತಮ್ಮ ಗುರು ಮಹಾಂತರನ್ನು ತಂದರು.

ಅಂಕಿತವನ್ನು ಹಕ್ಕಿನ ಗುರುತೆಂದಷ್ಟೇ ಓದುವ ರೂಢಿ ಬೆಳೆದಿದೆ. ಅದು ಕೆಲಸದ ಒಂದು ಭಾಗ ಮಾತ್ರ. ಅಂಕಿತವು ಕಟ್ಟುವವನ ಹೆಗಲಿನಿಂದ ಒಂದು ದೊಡ್ಡ ಹೊರೆಯನ್ನು ಇಳಿಸುತ್ತಿತ್ತು. ಪದ ಗುರುವಿನದು, ತಾನು ಅದನ್ನು ಆಡುವ ಬಾಯಿ ಎಂದು ನಂಬಿದವನಿಗೆ, ಹೋದ ವರ್ಷದ ಪದಕ್ಕಿಂತ ಈ ವರ್ಷದ್ದು ಮಿಗಿಲಾಯಿತೇ ಕಡಿಮೆಯಾಯಿತೇ ಎಂಬ ಆತಂಕ ಇರಲಿಲ್ಲ. ಹೊಸತನ್ನು ಹೇಳಲೇಬೇಕೆಂಬ ಒತ್ತಾಯದಲ್ಲಿ ನಾಲ್ಕು ಪುಸ್ತಕಗಳ ನಂತರ ಬರಿದಾಗುವ ಆಧುನಿಕ ಲೇಖಕನ ಸಂಕಟವನ್ನು ಕಂಡವರಿಗೆ, ಈ ಬಿಡುಗಡೆಯ ಬೆಲೆ ಅರ್ಥವಾಗುತ್ತದೆ. ಒಂದೇ ಗುರುವಿನ ಮಕ್ಕಳೆನಿಸಿಕೊಂಡವರು ಪರಸ್ಪರರ ಪದಗಳನ್ನು ತಮ್ಮವೆಂಬಂತೆ ಹಾಡುತ್ತಿದ್ದುದರಿಂದ, ಒಬ್ಬನ ಕಂಠ ನಿಂತರೂ ಪದ ನಿಲ್ಲುತ್ತಿರಲಿಲ್ಲ.

ಪದದ ಕಟ್ಟೋಣವೂ ದೀರ್ಘಕಾಲದ ದುಡಿಮೆಗೆ ಒದಗುವಂಥದು. ಮೊದಲಿಗೆ ಪಲ್ಲವಿ, ಅದರ ಬೆನ್ನಿಗೆ ಮೂರರಿಂದ ಐದು ನುಡಿಗಳು, ಅಂದರೆ ಚರಣಗಳು, ಕೊನೆಯ ನುಡಿಯಲ್ಲಿ ಅಂಕಿತ. ಹಾಡಿನ ಸಿದ್ಧ ಧಾಟಿಗೆ ‘ಮಟ್ಟು’ ಎನ್ನುತ್ತಾರೆ. ಪದಕಾರನು ಹೊಸ ಮಟ್ಟನ್ನು ಹುಡುಕುತ್ತ ಕೂರುವುದು ವಿರಳ. ಎಲ್ಲರ ನಾಲಿಗೆಯ ಮೇಲಿರುವ ಹಳೆಯ ಪದದ, ಮರಾಠಿ ಅಭಂಗದ, ಮುಂದೆ ನಾಟಕ ಕಂಪನಿಗಳ ರಂಗಗೀತೆಯ ಮಟ್ಟನ್ನು ಎತ್ತಿಕೊಂಡು ಅದರೊಳಗೆ ತನ್ನ ವಿಚಾರವನ್ನು ಕೂರಿಸುತ್ತಾನೆ. ಕೇಳುವವರಿಗೆ ಧಾಟಿ ಮೊದಲೇ ಗೊತ್ತಿರುವುದರಿಂದ ಹಿಮ್ಮೇಳದವರು ಪಲ್ಲವಿಯನ್ನು ಒಂದೇ ಸಲ ಕೇಳಿ ಮರಳಿ ಹಾಡಬಲ್ಲರು. ಒಂದು ನಾದದ ಏಕತಾರಿ, ಬೆರಳಿಂದ ಬಡಿಯುವ ಚರ್ಮದ ಚಿಕ್ಕ ವಾದ್ಯವಾದ ದಮ್ಮಡಿ, ಒಂದು ಜೋಡಿ ತಾಳ, ಇಷ್ಟಿದ್ದರೆ ಮೇಳ ನಡೆಯುತ್ತದೆ; ಹಾರ್ಮೋನಿಯಂ ಮತ್ತು ತಬಲಾ ತೀರ ಈಚೆಗಿನ ಸೇರ್ಪಡೆ. ಈ ಸಲಕರಣೆಗಳ ಅಲ್ಪತೆಯನ್ನು ಬಡತನವೆಂದು ಬಗೆಯಬಾರದು. ಕಲೆಗೆ ಬೇಕಾದ ಸಾಮಗ್ರಿ ಕಡಿಮೆಯಿದ್ದಷ್ಟೂ ಬರಗಾಲ ಬಂದಾಗ, ಊರು ಬಿಡಬೇಕಾದಾಗ, ಮನೆಯಲ್ಲಿ ಸಾವು ನೋವಾದಾಗ ಅದು ಕೈಬಿಟ್ಟು ಹೋಗುವ ಸಂಭವವೂ ಕಡಿಮೆ.

ಇನ್ನು ಮೇಳದ ಮಾತು. ಸೋಮವಾರ ಅಥವಾ ಗುರುವಾರದ ವಾರದ ಭಜನೆ, ಅಮಾವಾಸ್ಯೆಯ ರಾತ್ರಿಯ ಭಜನೆ, ಶ್ರಾವಣ ಮಾಸದಲ್ಲಿ ನಿತ್ಯ ಭಜನೆ, ಏಳು ದಿನ ಎಡೆಬಿಡದೆ ನಡೆಯುವ ಸಪ್ತಾಹ, ಊರ ಜಾತ್ರೆ, ಗುರುವಿನ ಪುಣ್ಯತಿಥಿ, ಸಾವಾದ ಮನೆಯಲ್ಲಿ ಶವದ ಮುಂದೆ ಬೆಳತನಕ ಹಾಡುವ ಪದ, ಹೀಗೆ ವರ್ಷದ ಉದ್ದಕ್ಕೂ ಹಾಡಿನ ದಿನಗಳು ಗೊತ್ತುಪಟ್ಟಿದ್ದವು. ಜಹೀರಾಬಾದಿನ ಸಮೀಪದ ಝರಾಸಂಗಮದಲ್ಲಿ ಕೇತಕಿ ಸಂಗಮೇಶ್ವರನ ಗುಡಿಯಿದೆ. ಅಲ್ಲಿಯ ಕುಂಡದಲ್ಲಿ ಮಿಂದು ರಾಜನೊಬ್ಬ ಚರ್ಮರೋಗ ಕಳೆದುಕೊಂಡನೆಂಬ ಐತಿಹ್ಯವನ್ನು ನಂಬಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಭಕ್ತರು ಇಂದಿಗೂ ಮಹಾಶಿವರಾತ್ರಿಗೆ ಬಂದು ಸೇರುತ್ತಾರೆ. ತಾಂಡೂರಿನ ಭಾವಗಿ ಭದ್ರೇಶ್ವರನ ಹೆಸರಿನಲ್ಲಿ ಬೀದರ ತಾಲೂಕಿನ ಭಾವಗಿ ಗ್ರಾಮದ ನಂಟು ಹಾಗೆಯೇ ಉಳಿದಿದೆ. ಇಂಥ ಜಾಗಗಳಲ್ಲಿ ಮೂರು ಭಾಷೆಗಳ ಜನ ಒಂದೇ ಅಂಗಳದಲ್ಲಿ ರಾತ್ರಿ ಕಳೆಯುವಾಗ, ಒಂದು ಊರಿನ ಪದ ಇನ್ನೊಂದು ಊರಿಗೆ ದಾಟುತ್ತದೆ. ಕಟ್ಟಿದವನಿಗೆ ತನ್ನ ಪದ ತಾನು ಕಾಣದ ಊರಿನಲ್ಲಿ ಹಾಡಲ್ಪಡುತ್ತಿದೆ ಎಂಬ ಸುದ್ದಿ ಮುಂದಿನ ಜಾತ್ರೆಯಲ್ಲಿ ತಲುಪುತ್ತದೆ. ಪದಕಾರನಿಗೆ ದೊರೆಯುತ್ತಿದ್ದ ಮನ್ನಣೆ ಬಹುಮಟ್ಟಿಗೆ ಇಷ್ಟೇ, ಮತ್ತು ಅದು ಸಣ್ಣದಲ್ಲ.

ದಿನ ಗೊತ್ತಾಗಿರುವುದರ ಪರಿಣಾಮವನ್ನು ಕೊಂಚ ನಿಧಾನವಾಗಿ ಗಮನಿಸಬೇಕು. ಅಮಾವಾಸ್ಯೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಬಂದಾಗ ಮೇಳದವರು ಕೂಡುತ್ತಾರೆ. ಕೂಡಿದಾಗ ಹಿರಿಯ ಪದಕಾರನ ಕಡೆ ತಿರುಗುತ್ತಾರೆ. ಹಾಡುವ ಮನಸ್ಸಿದೆಯೇ ಇಲ್ಲವೇ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಪ್ರೇರಣೆಗಾಗಿ ಕಾಯುವ ಬದಲು ತಿಥಿಗಾಗಿ ಸಿದ್ಧನಾಗುವ ಶಿಸ್ತು ಹೀಗೆ ಹೊರಗಿನಿಂದ ಬರುತ್ತಿತ್ತು. ಅದಕ್ಕಿಂತ ತೀಕ್ಷ್ಣವಾದ ಒತ್ತಾಯ ಪ್ರಶ್ನೋತ್ತರದ ಪದಗಳದು. ಒಂದು ಮೇಳದವನು ಒಗಟಿನಂಥ ಬೆಡಗಿನ ಪದವನ್ನು ಮುಂದಿಟ್ಟರೆ, ಎದುರು ಮೇಳದವನು ಅದರ ಅರ್ಥವನ್ನು ಬಿಡಿಸಿ ಮರುಪದ ಹಾಡಬೇಕು. ಲಾವಣಿಯ ವಲಯದ ಹರದೇಶಿ ನಾಗೇಶಿ ವಾದವೂ ಇದೇ ಬಗೆಯದು. ಪುರುಷ ತತ್ವ ಹೆಚ್ಚೆಂದು ಒಂದು ಪಕ್ಷ, ಪ್ರಕೃತಿ ತತ್ವ ಹೆಚ್ಚೆಂದು ಇನ್ನೊಂದು ಪಕ್ಷ ರಾತ್ರಿಯಿಡೀ ಹಾಡಿನಲ್ಲೇ ವಾದಿಸುತ್ತವೆ. ಸೋತವನು ಮುಂದಿನ ವರ್ಷಕ್ಕೆ ಉತ್ತರ ಕಟ್ಟಿಕೊಂಡು ಬರುತ್ತಾನೆ. ಅರವತ್ತು ದಾಟಿದವನ ತಲೆಯಲ್ಲಿಯೂ ಪದ ಓಡಾಡುತ್ತಿದ್ದುದಕ್ಕೆ ಇಂಥ ಎದುರಾಳಿಗಳ ಋಣ ದೊಡ್ಡದು.

ಈ ಏರ್ಪಾಡು ಒಂದು ಸಂಸ್ಥೆಯ ರೂಪ ಪಡೆದುದನ್ನು ನೋಡಲು ಜಹೀರಾಬಾದಿನಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ ಹುಮನಾಬಾದಿನ ಮಗ್ಗುಲಿನ ಮಾಣಿಕನಗರಕ್ಕೆ ಹೋಗಬೇಕು. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದು ಹುಟ್ಟಿದ ಮಾಣಿಕಪ್ರಭುಗಳು ಎಲ್ಲ ಮತಗಳೂ ಒಂದೇ ಸತ್ಯದ ದಾರಿಗಳೆನ್ನುವ ‘ಸಕಲಮತ’ ಸಂಪ್ರದಾಯವನ್ನು ಸ್ಥಾಪಿಸಿ, 1865ರಲ್ಲಿ ಮಾಣಿಕನಗರದಲ್ಲಿಯೇ ಸಮಾಧಿಸ್ಥರಾದರು. ಅವರು ಮರಾಠಿ, ಕನ್ನಡ, ಹಿಂದಿ, ಸಂಸ್ಕೃತ ಮುಂತಾದ ಭಾಷೆಗಳಲ್ಲಿ ‘ಮಾಣಿಕ’ ಅಂಕಿತದ ಪದಗಳನ್ನು ಕಟ್ಟಿದರು. ಅವರ ತರುವಾಯದ ಪೀಠಾಧಿಪತಿಗಳಲ್ಲಿ ಮಾರ್ತಾಂಡ ಮಾಣಿಕಪ್ರಭುಗಳು ತಾರುಣ್ಯದಲ್ಲೇ ಪೀಠಕ್ಕೆ ಬಂದು 1936ರವರೆಗೆ, ಎಂದರೆ ಅರ್ಧ ಶತಮಾನಕ್ಕೂ ಮೀರಿ ಅಲ್ಲಿದ್ದು, ವೇದಾಂತ ವಿಚಾರದ ಪದಗಳನ್ನು ಕಟ್ಟುತ್ತಲೇ ಇದ್ದರು. ವಾರದ ಏಳು ದಿನಗಳಿಗೂ ಬೇರೆ ಬೇರೆ ಪದಗಳನ್ನು ಗೊತ್ತುಮಾಡಿದ ಸಪ್ತಾಹ ಭಜನೆಯ ಕ್ರಮ ಆ ಸಂಸ್ಥಾನದಲ್ಲಿ ಇಂದಿಗೂ ನಡೆದು ಬಂದಿದೆ. ದತ್ತ ಜಯಂತಿಯ ದರಬಾರಿಗೆ ಹಿಂದೂಸ್ತಾನಿ ಗಾಯಕರು ಬಂದು ಸೇವೆ ಸಲ್ಲಿಸುವ ಪದ್ಧತಿಯೂ ಉಂಟು. ಹಳ್ಳಿಯ ಮೇಳಕ್ಕಿಲ್ಲದ ಎರಡು ಅನುಕೂಲಗಳು ಇಲ್ಲಿದ್ದವು: ಪದಗಳನ್ನು ಬರೆದಿಡುವವರಿದ್ದರು, ಮತ್ತು ಶಾಸ್ತ್ರೀಯ ರಾಗಗಳನ್ನು ಬಲ್ಲವರು ಆ ಪದಗಳನ್ನು ಹಾಡುತ್ತಿದ್ದರು. ಆದರೂ ಮೂಲದಲ್ಲಿ ಹಳ್ಳಿಯ ಅಮಾವಾಸ್ಯೆಯ ಭಜನೆಗೂ ಸಂಸ್ಥಾನದ ಸಪ್ತಾಹಕ್ಕೂ ತತ್ವ ಒಂದೇ. ದಿನಕ್ಕೊಂದು ಹಾಡು ಕಟ್ಟಿಟ್ಟರೆ ಹಾಡಿಗೊಂದು ದಿನ ಸಿಕ್ಕಿ ಅದು ಮರೆಯಾಗುವುದಿಲ್ಲ.

ಹೊಟ್ಟೆಯ ಪ್ರಶ್ನೆಯನ್ನು ಬದಿಗಿಟ್ಟು ಯಾವ ಕಲಾವಿದನ ಬಾಳನ್ನೂ ವಿವರಿಸಲಾಗದು. ಹೈದರಾಬಾದಿನ ದರಬಾರಿನಲ್ಲಿ ಉರ್ದು ಮತ್ತು ಫಾರಸಿ ಕವಿಗಳಿಗೆ ಆಶ್ರಯವಿತ್ತು. ಕನ್ನಡದ ಪದಕಾರನಿಗೆ ಅಂಥ ಆಶ್ರಯ ಕನಸಿನಲ್ಲೂ ಇರಲಿಲ್ಲ. ಅವನು ಒಕ್ಕಲಿಗ, ನೇಕಾರ, ಬಡಿಗ, ಕುರುಬ, ಅಂಗಡಿಕಾರ ಅಥವಾ ಜೋಳಿಗೆ ಹಿಡಿದ ಸಾಧು. ಶರೀಫರು ವಿರಾಗಿಯಾಗುವ ಮೊದಲು ಶಾಲಾ ಮಾಸ್ತರರಾಗಿದ್ದರು. ಪದ ಹಾಡಿದ್ದಕ್ಕೆ ಹಣ ಪಡೆಯುವುದು ಗುರುಬೋಧೆಗೆ ಕುಂದೆಂಬ ನಂಬಿಕೆಯಿದ್ದುದರಿಂದ ಊಟ, ಕಾಯಿ, ಹೆಚ್ಚೆಂದರೆ ಒಂದು ಧೋತರ, ಇದನ್ನು ಮೀರಿದ ಸಂಭಾವನೆ ಇರಲಿಲ್ಲ. ಹಗಲು ಜೋಳ, ತೊಗರಿ, ಕುಸುಬೆಗಳ ಹೊಲದಲ್ಲಿ ದುಡಿದವನು ರಾತ್ರಿ ಆ ಹೊಲವನ್ನೇ ದೇಹಕ್ಕೆ ಹೋಲಿಸಿ ಪದ ಕಟ್ಟಿದಾಗ, ದುಡಿಮೆ ಹಾಡಿಗೆ ಅಡ್ಡಿಯಾಗಲಿಲ್ಲ, ವಸ್ತುವಾಯಿತು. ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವುದು ತಪ್ಪು. ಬಡತನದಿಂದ, ರೋಗದಿಂದ, ಸಾಲದಿಂದ ಬಾಯಿ ಮುಚ್ಚಿದ ಪದಕಾರರ ಹೆಸರು ಚರಿತ್ರೆಗೆ ಸಿಗುವುದಿಲ್ಲ. ಆದರೆ ಒಂದು ಸಂಗತಿ ನಿಶ್ಚಿತ. ಹಾಡು ಮಾರಾಟಕ್ಕಿಲ್ಲದ ಕಾರಣ ಕೊಳ್ಳುವವನ ರುಚಿ ಬದಲಾದಾಗ ಹಾಡುವವನು ಅನಾಥನಾಗಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡು ಆಸ್ಥಾನದ ಆಶ್ರಯಗಳು ಕರಗಿಹೋದಾಗ, ಆಶ್ರಯವನ್ನೇ ಕಾಣದ ಈ ಪರಂಪರೆಗೆ ಆ ಕಾರಣದಿಂದ ನಷ್ಟವೇನೂ ಆಗಲಿಲ್ಲ. ಅದಕ್ಕೂ ಮುನ್ನ ರಜಾಕಾರರ ಹಾವಳಿಯಲ್ಲಿ ಬೀದರ ಸೀಮೆಯ ಕುಟುಂಬಗಳು ಊರು ಬಿಟ್ಟು ಓಡಿದಾಗ ಮೇಳಗಳು ಚದುರಿದ್ದು ನಿಜವಾದ ಪೆಟ್ಟು.

ಮುಪ್ಪು ಗಾಯಕನಿಗೆ ಶತ್ರು, ಪದಕಾರನಿಗೆ ಹಾಗಲ್ಲ. ಕಂಠ ಕುಗ್ಗಿದವನು ಮುಮ್ಮೇಳವನ್ನು ಶಿಷ್ಯನಿಗೆ ಬಿಟ್ಟುಕೊಟ್ಟು ಗದ್ದಿಗೆಯ ಪಕ್ಕ ಕೂತು ಅರ್ಥ ಹೇಳುವವನಾಗುತ್ತಾನೆ. ತತ್ವಪದದ ಭಜನೆಯಲ್ಲಿ ಪದವನ್ನು ಹಾಡಿ ಬಿಡುವುದಿಲ್ಲ. ಒಂದೊಂದು ನುಡಿಗೆ ನಿಲ್ಲಿಸಿ, ಆರು ಚಕ್ರಗಳೆಂದರೇನು, ಒಂಬತ್ತು ಬಾಗಿಲಿನ ಮನೆಯೆಂದರೆ ಯಾವುದು ಎಂದು ಬಿಡಿಸಿ ಹೇಳುತ್ತಾರೆ. ಈ ವಿವರಣೆಯೂ ಸೃಷ್ಟಿಯೇ, ಏಕೆಂದರೆ ಅರ್ಥ ಪ್ರತಿ ಸಲ ಕೇಳುಗರಿಗೆ ತಕ್ಕಂತೆ ಬೆಳೆಯುತ್ತದೆ. ಬಂಗಾಳದ ಬಾವುಲ್ ಪರಂಪರೆಯ ಲಾಲನ್ ಫಕೀರ 1890ರಲ್ಲಿ ಅತ್ಯಂತ ಇಳಿವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಶಿಷ್ಯರ ನಡುವೆ ಹಾಡು ಕಟ್ಟುತ್ತಿದ್ದುದು, ಅವನ್ನು ಶಿಷ್ಯರು ಬರೆದುಕೊಂಡದ್ದು ಇದೇ ಬಗೆಯ ಬಾಳಿಗೆ ದೂರದ ಸಾಕ್ಷಿ. ಹಿರಿಯನಿಗೆ ಕೆಲಸವಿರುವ ಕಲೆಯಲ್ಲಿ ಮಾತ್ರ ಹಿರಿಯ ಕಲಾವಿದರು ಉಳಿಯುತ್ತಾರೆಂಬ ತೀರ್ಮಾನಕ್ಕೆ ಈ ಉದಾಹರಣೆಗಳು ಎಡೆಗೊಡುತ್ತವೆ.

ಭಾಷೆಯ ವಿಷಯದಲ್ಲಿ ಈ ಸೀಮೆಯ ಪದಕಾರನಷ್ಟು ಸಿರಿವಂತರು ಕಡಿಮೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ, ಪಂಢರಪುರದ ದಾರಿಯಲ್ಲಿ ಮರಾಠಿ, ಪೂರ್ವದ ಬಂಧುಗಳೊಡನೆ ತೆಲುಗು, ಕಂದಾಯದ ಕಾಗದದಲ್ಲಿ ಉರ್ದು. ಮರಾಠಿಯಲ್ಲಿ ಬರೆದ ಲಿಂಗಾಯತ ಸಂತ ಮನ್ಮಥಸ್ವಾಮಿಯ ಅಭಂಗಗಳೂ, ವಿಕಾರಾಬಾದ್ ಸೀಮೆಯ ತೆಲುಗು ಭಜನೆಕಾರ ರಾಕಂಚರ್ಲ ವೆಂಕಟದಾಸರ ಕೀರ್ತನೆಗಳೂ, ನಿಜಗುಣ ಶಿವಯೋಗಿಗಳ ಕನ್ನಡ ಕೈವಲ್ಯ ಪದಗಳೂ ಈ ಸೀಮೆಯ ಭಜನೆಗೆ ಹೊರಗಿನವಲ್ಲ. ಮೊಹರಂ ಹಬ್ಬದಲ್ಲಿ ಅಲಾವಿಯ, ಎಂದರೆ ಬೆಂಕಿಯ ಕುಣಿಯ ಸುತ್ತ ಹೆಜ್ಜೆಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ‘ರಿವಾಯತ್’ ಪದಗಳನ್ನು ಹಿಂದೂ ಪದಕಾರರೂ ಕಟ್ಟಿದರು. ಹೆಚ್ಚು ಭಾಷೆ ಬಲ್ಲವನಿಗೆ ಹೆಚ್ಚು ಮಟ್ಟು, ಹೆಚ್ಚು ಮಟ್ಟಿಗೆ ಹೆಚ್ಚು ಪದ. ಒಂದು ಭಾಷೆಯ ನುಡಿಗಟ್ಟು ಸವೆದು ಹೋಯಿತೆನಿಸಿದಾಗ ಇನ್ನೊಂದರಿಂದ ಹೊಸ ರಕ್ತ ಬರುತ್ತಿತ್ತು. ಬಹುಭಾಷಿಕತೆಯನ್ನು ಗಡಿನಾಡಿನ ದೌರ್ಬಲ್ಯವೆಂದು ಶಾಲೆಗಳು ಕಲಿಸಿದ್ದರೆ, ಹಾಡಿನ ಚರಿತ್ರೆ ಅದಕ್ಕೆ ವಿರುದ್ಧವಾದ ಸಾಕ್ಷ್ಯ ನುಡಿಯುತ್ತದೆ.

ಹಾಡನ್ನು ಕಾಯುವುದು ಮೇಳವೆಂಬ ವಾದವನ್ನು ಹೆಂಗಸರ ಹಾಡಿನ ಕಥೆ ಬೇರೆ ಬದಿಯಿಂದ ದೃಢಪಡಿಸುತ್ತದೆ. ಬೀಸುವ ಪದಕ್ಕೆ ನಸುಕಿನ ಬೀಸುಕಲ್ಲೇ ಮೇಳ. ದಖನಿನ ಸೂಫಿಗಳು 17ನೆಯ ಶತಮಾನದ ಸುಮಾರಿಗೆ ದಖನಿ ಭಾಷೆಯಲ್ಲಿ ‘ಚಕ್ಕಿನಾಮಾ’ಗಳನ್ನು, ಎಂದರೆ ಬೀಸುವಾಗ ಹಾಡುವ ತತ್ವದ ಹಾಡುಗಳನ್ನು ಕಟ್ಟಿ ಹರಡಿದ್ದು, ಈ ಕಲ್ಲಿನ ಮುಂದೆ ಕೂತ ಹೆಂಗಸಿನ ನೆನಪಿನ ಶಕ್ತಿಯನ್ನು ಬಲ್ಲವರಾದ್ದರಿಂದ. ವಿದ್ಯುತ್ ಗಿರಣಿ ಬಂದ ಊರಿನಲ್ಲಿ ಒಂದು ತಲೆಮಾರಿನೊಳಗೆ ಬೀಸುವ ಪದ ಮೌನವಾಯಿತು. ಹಾಡು ಮರೆತುದರಿಂದ ಸಂದರ್ಭ ಹೋದದ್ದಲ್ಲ, ಸಂದರ್ಭ ಹೋದುದರಿಂದ ಹಾಡು ಹೋಯಿತು. ಗಿರಣಿಯನ್ನು ದೂರುವುದು ಅನ್ಯಾಯ. ರಟ್ಟೆ ಮುರಿಯುವ ದುಡಿಮೆಯಿಂದ ಅದು ಹೆಂಗಸರನ್ನು ಬಿಡಿಸಿತು. ಹಾಡಿಗೆ ಬೇರೊಂದು ಸಂದರ್ಭವನ್ನು ಯಾರೂ ಒದಗಿಸಲಿಲ್ಲವೆಂಬುದೇ ಕೊರತೆ. ಹಾಗೆ ಒದಗಿಸಿದ ಅಪರೂಪದ ನಿದರ್ಶನವೂ ಜಹೀರಾಬಾದ್ ಸೀಮೆಯಲ್ಲಿಯೇ ಇದೆ. ಪಸ್ತಾಪುರದಲ್ಲಿ ನೆಲೆಯಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರ ಸಂಘಗಳು ಹಳೆಯ ಸಿರಿಧಾನ್ಯದ ಬೀಜಗಳನ್ನು ಎತ್ತಿನ ಬಂಡಿಗಳಲ್ಲಿ ಊರೂರಿಗೆ ಒಯ್ಯುವ ಜಾತ್ರೆಯನ್ನು ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ನಡೆಸುತ್ತ ಬಂದಿವೆ. ಆ ಬಂಡಿಗಳ ಮುಂದೆ ಬಿತ್ತುವ, ಕಳೆ ತೆಗೆಯುವ, ರಾಶಿ ಮಾಡುವ ಹಾಡುಗಳಿಗೆ ಮತ್ತೆ ಬಾಯಿ ಬಂತು. ಅದೇ ಸಂಘದವರು ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೋ’ವನ್ನು ಆರಂಭಿಸಿದರು. ಪರವಾನಗಿಗಾಗಿ ಕಾದ ಸುಮಾರು ಹತ್ತು ವರ್ಷಗಳಲ್ಲಿ ಅವರು ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಅಲ್ಲಿಯ ಭಾಷೆ ಆ ಸೀಮೆಯ ತೆಲುಗು. ಆದರೆ ಹಾಡು ಕಟ್ಟುವ ಮುದುಕಿಗೆ ದಿನ, ಜಾಗ, ಕೇಳುಗರು ಈ ಮೂರನ್ನೂ ಮರಳಿ ಕೊಟ್ಟ ಆ ಪ್ರಯತ್ನದಿಂದ ಕನ್ನಡದ ಸಂಸ್ಥೆಗಳು ಕಲಿಯಬೇಕಾದುದು ಬಹಳವಿದೆ.

1956ರ ಗಡಿಗೆ ಮರಳಿದರೆ, ಅದು ಹಾಡನ್ನು ಒಂದೇ ಏಟಿಗೆ ತುಂಡರಿಸಲಿಲ್ಲವೆಂಬುದು ಗಮನಾರ್ಹ. ನಂಟಸ್ತಿಕೆ, ಮಠದ ಭಕ್ತಿ, ಜಾತ್ರೆ, ಸಂತೆಗಳು ಹಾಗೆಯೇ ಮುಂದುವರಿದವು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ರೈಲು ಹಳಿ ತಾಂಡೂರಿನ ಜನರನ್ನು ಸೇಡಂ, ಕಲಬುರಗಿಗಳ ಕಡೆಗೆ ಒಯ್ಯುತ್ತಲೇ ಇತ್ತು. ಬದಲಾದದ್ದು ಶಾಲೆ. ಮಕ್ಕಳು ತೆಲುಗಿನಲ್ಲಿ ಓದತೊಡಗಿದಾಗ ಅಜ್ಜನ ಪದದ ವಹಿ, ಎಂದರೆ ಕೈಬರಹದ ಪುಸ್ತಕ, ಮೊಮ್ಮಗನಿಗೆ ಪೂಜೆಯ ವಸ್ತುವಾಯಿತೇ ಹೊರತು ಓದುವ ವಸ್ತುವಾಗಲಿಲ್ಲ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳಾದ್ದರಿಂದ ಕೆಲವೇ ವಾರಗಳ ಅಭ್ಯಾಸದಲ್ಲಿ ದಾಟಬಹುದಾದ ಕಂದಕವದು; ದಾಟಿಸುವ ವ್ಯವಸ್ಥೆಯನ್ನು ಎರಡೂ ರಾಜ್ಯಗಳು ಮಾಡಲಿಲ್ಲ. ಅದರೊಂದಿಗೆ ತಾಂಡೂರಿನ ಕಲ್ಲಿನ ಗಣಿ, ಪಾಲಿಶ್ ಘಟಕ, ಸಿಮೆಂಟು ಕಾರ್ಖಾನೆಗಳಲ್ಲೂ ಜಹೀರಾಬಾದಿನ ಕಾರ್ಖಾನೆಗಳಲ್ಲೂ ಪಾಳಿಯ ಕೆಲಸ ಬಂದಿತು. ದುಡಿಮೆ ಹುಡುಕಿ ಹೈದರಾಬಾದಿಗೆ ಹೋಗುವವರು ಹೆಚ್ಚಿದರು. ರಾತ್ರಿ ಪಾಳಿಯವನಿಗೆ ಅಮಾವಾಸ್ಯೆ ರಜೆಯಲ್ಲ. ಗಡಿರೇಖೆಗಿಂತ ಹೆಚ್ಚಾಗಿ ಈ ಗಡಿಯಾರ ಮೇಳವನ್ನು ಸಡಿಲಿಸಿತೆಂದು ಹೇಳಿದರೆ ಅತಿಶಯವಾಗದು.

ಹೊಸ ಕಾಲದ ಹೋರಾಟದ ಹಾಡಿನಲ್ಲಿಯೂ ಮೇಳದ ಅಗತ್ಯ ಬದಲಾಗಲಿಲ್ಲ. ನೆರೆಯ ಮೆದಕ್ ಸೀಮೆಯ ತೂಪ್ರಾನಿನವನಾದ ಗದ್ದರ್ 1970ರ ದಶಕದಿಂದ 2023ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಅರ್ಧ ಶತಮಾನ ಹಾಡು ಕಟ್ಟಿದುದರ ಹಿಂದೆ ಜನನಾಟ್ಯ ಮಂಡಳಿ ಎಂಬ ತಂಡವೂ ಜನಪದದ ಸಿದ್ಧ ಧಾಟಿಗಳೂ ಇದ್ದವು. ನಂಬಿಕೆಗಳು ಬೇರೆ, ಗುರಿ ಬೇರೆ. ಮಟ್ಟು ಎತ್ತಿಕೊಂಡು ಹಿಮ್ಮೇಳದೊಡನೆ ಹಾಡಿಗೆ ಜೀವ ಕೊಡುವ ಬಗೆ ಮಾತ್ರ ತತ್ವಪದಕಾರನದೇ.

ಕನ್ನಡದಲ್ಲಿ ಈ ಸಾಹಿತ್ಯದ ಸಂಗ್ರಹಕ್ಕೆ ಈಚೆಗೆ ಗಂಭೀರವಾದ ದುಡಿಮೆ ಸಂದಿದೆ. ಮೀನಾಕ್ಷಿ ಬಾಳಿಯವರು ಕಲಬುರಗಿ ಸೀಮೆಯ ತತ್ವಪದಕಾರರ ಕುರಿತು, ರಹಮತ್ ತರೀಕೆರೆಯವರು ಸೂಫಿ, ನಾಥ, ಮೊಹರಂ ಪರಂಪರೆಗಳ ಕುರಿತು ಊರೂರು ಅಲೆದು ಬರೆದಿದ್ದಾರೆ. ಬೆಂಗಳೂರಿನ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳ ಸಂಪುಟಮಾಲೆಯನ್ನು ಹೊರತಂದಿದೆ. ಇವು ನಾಡಿನ ದೊಡ್ಡ ಸಂಪತ್ತು. ಆದರೆ ಅಚ್ಚಾದ ಪದಕ್ಕೆ ಮಟ್ಟು ಇರುವುದಿಲ್ಲ. ಮಟ್ಟಿಲ್ಲದ ಪದವನ್ನು ಮೇಳ ಎತ್ತಿಕೊಳ್ಳುವುದಿಲ್ಲ. ನ್ಯಾಲಕಲ್, ಮನೂರು, ಕಂಗಟಿ, ಬಶೀರಾಬಾದ್ ಮಂಡಲಗಳಲ್ಲಿ ಕನ್ನಡ ಆಡುವ ಮನೆಗಳ ವಹಿಗಳನ್ನು ಛಾಯಾಪ್ರತಿ ಮಾಡಿಸುವುದು, ಪದಗಳನ್ನು ಹಾಡುವವರ ಕಂಠದಲ್ಲಿಯೇ ಧ್ವನಿಮುದ್ರಿಸುವುದು, ಕನ್ನಡ ಮತ್ತು ತೆಲುಗು ಎರಡೂ ಲಿಪಿಗಳಲ್ಲಿ ಎದುರುಬದುರು ಅಚ್ಚುಹಾಕಿ ಜಾತ್ರೆಯ ಅಂಗಡಿಯಲ್ಲಿ ಅಗ್ಗದ ಬೆಲೆಗೆ ಸಿಗುವಂತೆ ಮಾಡುವುದು, ಇವು ಗುಲ್ಬರ್ಗಾ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಜಾನಪದ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕೂಡಿ ಕೈಗೆತ್ತಿಕೊಳ್ಳಬಹುದಾದ ಕೆಲಸಗಳು. ಅದರ ಜೊತೆಗೆ, ಝರಾಸಂಗಮದ ಶಿವರಾತ್ರಿಗೆ ಬರುವ ಮೇಳಗಳಿಗೆ ಪ್ರತಿ ವರ್ಷ ತಪ್ಪದೆ ಒಂದು ರಾತ್ರಿಯ ಜಾಗ, ಬೆಳಕು ಮತ್ತು ಊಟವನ್ನು ಒದಗಿಸುವ ಹೊಣೆಯನ್ನು ಎರಡೂ ರಾಜ್ಯಗಳ ಸಂಸ್ಕೃತಿ ಇಲಾಖೆಗಳು ಹೊರಬೇಕು. ವಹಿಗಳನ್ನು ಓದಬಲ್ಲ ಹಿರಿಯರು ಇನ್ನೂ ಮೇಳಗಳಲ್ಲಿ ಇರುವಾಗಲೇ ಈ ಕೆಲಸ ಆರಂಭವಾಗಬೇಕು.